ಸಂಡಿಗೆ ಕಾಯುವ ಕೊಡೆ

ಬೇಸಿಗೆ ಬಂತೆಂದು ಸುಭದ್ರಮ್ಮ ತಾರಸಿಯಲ್ಲಿ ಸಂಡಿಗೆ ಒಣಹಾಕಿ, ಕಾಗೆಗಳು ಹೆದರಲೆಂದು ಪಕ್ಕದಲ್ಲಿ ಕಪ್ಪು ಕೊಡೆಯೊಂದನ್ನು ಬಿಚ್ಚಿಟ್ಟರು. ಸಂಜೆಯಾದರೆ ಕೊಡೆಯನ್ನು ಮಡಚಿ ಮನೆಯೊಳಗೆ ಇಡುತ್ತಿದ್ದರು. ಒಂದು ಕಾಗೆ ಮಾತ್ರ ಹೆದರದೆ ದಿನವೂ ಬಂದು ಕೊಡೆಯೊಡನೆ ಹರಟುತ್ತಿತ್ತು.

“ಹಿತ್ತಿಲ ಮಾವು ಹಣ್ಣಾಯಿತು. ಮಲ್ಲಿಗೆಗೆ ಅಕ್ಕಿ ತೊಳೆದ ನೀರು ಹಾಕಿದರು. ಮಕ್ಕಳು ಜಗಲಿಯಲ್ಲಿ ಚೌಕಾಬಾರ ಆಡಿ ಜಗಳ ಮಾಡಿಕೊಂಡರು,” ಎಂದಿತು ಕಾಗೆ.

“ಒಳಗೆ ಹೊಸ ಮಣ್ಣಿನ ಹೂಜಿ ಬಂದಿದೆ. ಅಜ್ಜ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಬೆಲ್ಲ ತಿನ್ನುತ್ತಾರೆ,” ಎಂದಿತು ಕೊಡೆ. “ನೀನು ಮಾತ್ರ ಸಂಡಿಗೆ ಮುಟ್ಟಬೇಡ. ಬೇಸಿಗೆಯಲ್ಲಿ ನನಗಿರುವುದು ಇದೊಂದೇ ಕೆಲಸ.”

ಅಷ್ಟರಲ್ಲಿ ಗಾಳಿ ಎದ್ದು ಕೊಡೆ ಉರುಳತೊಡಗಿತು. “ನಾನು ಹಾರಿಹೋದರೆ ನಿನಗೆ ಹಬ್ಬ,” ಎಂದಿತು ಅದು.

“ಒಂದು ದಿನದ ಹಬ್ಬ. ನಾಳೆ ಸುದ್ದಿ ಯಾರಿಗೆ ಹೇಳಲಿ?” ಎಂದ ಕಾಗೆ, ಕೊಡೆಯ ಹಿಡಿಯನ್ನು ಕೊಕ್ಕಿನಲ್ಲಿ ಕಚ್ಚಿ ಗಾಳಿ ನಿಲ್ಲುವವರೆಗೂ ಬಿಡಲಿಲ್ಲ.

ಸುಭದ್ರಮ್ಮ ಮೆಟ್ಟಿಲು ಹತ್ತಿ ಬಂದು ಕಾಗೆಯನ್ನು ಓಡಿಸಿದರು. “ಸಂಡಿಗೆ ಒಂದೂ ಹೋಗಿಲ್ಲ, ಒಳ್ಳೆಯ ಕೊಡೆ,” ಎಂದರು.

ಮರುದಿನ ಕಾಗೆ ಬಂದಾಗ ಕೊಡೆ ಮೆಲ್ಲಗೆ ಹೇಳಿತು: “ಅಂಚಿನಲ್ಲಿ ಎರಡು ಸಂಡಿಗೆ ಮುರಿದಿವೆ. ನಾನು ಆ ಕಡೆ ನೋಡುವುದಿಲ್ಲ.”

“ಅದು ಆಮೇಲೆ,” ಎಂದಿತು ಕಾಗೆ. “ಮೊದಲು ಹೇಳು, ಅಜ್ಜ ಸಿಕ್ಕಿಬಿದ್ದರೇ?”