ಹೆಚ್ಚಿದ ಬಳೆ

ಶಿಷ್ಯ ಕೇಳಿದ: "ಗುರುಗಳೇ, ಓದುವವರು ನಡುವೆಯೇ ಮುಚ್ಚಿಡುವಂಥ ಪುಸ್ತಕಗಳೂ ನನ್ನ ಅಂಗಡಿಯಲ್ಲಿವೆ. 'ಇದಕ್ಕಿಂತ ಘೋರವಾದದ್ದು ಇದೆಯೇ' ಎಂದು ಮರ್ಯಾದಸ್ಥರೇ ಬಂದು ಕೇಳುತ್ತಾರೆ. ಅಂಥದ್ದನ್ನು ಬಯಸುವವರು ಎಂಥ ಜನ? ಅವರಿಗೆ ಆರಿಸಿ ಕೊಡುವುದು ಸರಿಯೇ?"

ಗುರು ಮೊದಲು ವ್ಯಾಪಾರ ಮಾಡಿದವರು. ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಪುಸ್ತಕದ ವ್ಯಾಪಾರಿ ಇದ್ದ. ಪುಸ್ತಕಗಳನ್ನು ಬಾಡಿಗೆಗೆ ಕೊಡುತ್ತಿದ್ದ. ಅವನಲ್ಲಿ ಒಂದು ಘೋರವಾದ ಪುಸ್ತಕವಿತ್ತು. ಒಬ್ಬ ಗಂಡ ಕೋಣೆಯ ಅಗುಳಿ ಹಾಕಿ ಹೆಂಡತಿಗೆ ಕೊಡುವ ಹಿಂಸೆಯ ಕತೆ. ಬರೆದವನು ಒಂದನ್ನೂ ಮುಚ್ಚಿಟ್ಟಿರಲಿಲ್ಲ. ವ್ಯಾಪಾರಿ ಅದನ್ನು ಪ್ರಾಯಕ್ಕೆ ಬಂದವರಿಗೆ ಮಾತ್ರ ಕೊಡುತ್ತಿದ್ದ. ಹಿಂದಿರುಗಿಸಲು ಬಂದಾಗ, ಹೇಗಿತ್ತು ಎಂದು ಕೇಳುತ್ತಿರಲಿಲ್ಲ. "ಎಲ್ಲಿ ನಿಲ್ಲಿಸಿದಿರಿ?" ಎಂದು ಕೇಳುತ್ತಿದ್ದ. ಒಬ್ಬರು ಅಗುಳಿ ಬಿದ್ದಲ್ಲಿ ನಿಲ್ಲಿಸಿರುತ್ತಿದ್ದರು. ಇನ್ನೊಬ್ಬರು ಕೊನೆಯವರೆಗೂ ಓದಿ, ನಡುವೆ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಿರುತ್ತಿದ್ದರು. ಅದನ್ನು ತಿಳಿದುಕೊಂಡೇ ಅವರಿಗೆ ಮುಂದಿನ ಪುಸ್ತಕ ಆರಿಸುತ್ತಿದ್ದ.

ಒಬ್ಬ ಎಣ್ಣೆ ವ್ಯಾಪಾರಿ ಅದನ್ನು ಒಯ್ದು ತಂದುಕೊಟ್ಟ. "ಎಲ್ಲಿ ನಿಲ್ಲಿಸಿದಿರಿ?" ಎಂದು ಪುಸ್ತಕದ ವ್ಯಾಪಾರಿ ಕೇಳಿದ.

"ನಿಲ್ಲಿಸುವಂಥದ್ದೇನಿದೆ? ಚೆನ್ನಾಗಿದೆ. ಒಂದು ಕಡೆ ಮಾತ್ರ ತಪ್ಪು ಬರೆದಿದ್ದಾನೆ. ಬೆರಳು ಮುರಿದಾಗ ಒಣಕಡ್ಡಿ ಮುರಿದ ಶಬ್ದ ಬಂತು ಅಂತಾನೆ. ಹಾಗೆ ಬರುವುದಿಲ್ಲ."

ಕಾಳಿನಲ್ಲಿ ಕಲ್ಲು ತೋರಿಸುವವನ ಹಾಗೆ, ಅಷ್ಟು ಶಾಂತವಾಗಿ ಹೇಳಿದ. ಬಾಡಿಗೆ ಕೊಟ್ಟು ಹೋದ.

ಪುಸ್ತಕದ ವ್ಯಾಪಾರಿ ಎದ್ದು ಪಕ್ಕದ ಬಳೆಗಾರನ ಅಂಗಡಿಗೆ ಹೋದ. "ಎಣ್ಣೆ ವ್ಯಾಪಾರಿಯ ಮನೆಯವರು ಇಲ್ಲಿಗೆ ಬರುತ್ತಾರೇನಯ್ಯ?"

"ಬರದೆ? ಹಬ್ಬ ಇರಲಿ, ಇಲ್ಲದಿರಲಿ. ಯಾವಾಗ ನೋಡಿದರೂ 'ಬಳೆ ಹೆಚ್ಚಿತು' ಅಂತಲೇ ಬರುತ್ತಾರೆ. ಅಂಥ ಗಿರಾಕಿ ಇನ್ನಿಬ್ಬರು ಸಿಕ್ಕಿದರೆ ನಾನೂ ಮಾಳಿಗೆ ಮನೆ ಕಟ್ಟಿಸಿಯೇನು." ಬಳೆಗಾರ ನಕ್ಕ. ಆಮೇಲೆ ದನಿ ತಗ್ಗಿಸಿದ. "ಎಡಗೈ ಮಾತ್ರ ನನ್ನ ಕೈಗೆ ಕೊಡುವುದಿಲ್ಲ. ತಾವೇ ಏರಿಸಿಕೊಳ್ಳುತ್ತಾರೆ."

ಬಳೆ ಒಡೆಯಿತು ಎಂದರೆ ಅಶುಭ. ಮುತ್ತೈದೆಯರು ಹೆಚ್ಚಿತು ಎನ್ನುತ್ತಾರೆ. ಆ ಮನೆಯಲ್ಲಿ ಎಷ್ಟು ಹೆಚ್ಚಿತ್ತೋ, ಪೇಟೆಯಲ್ಲಿ ಯಾರೂ ಕೇಳಿರಲಿಲ್ಲ.

ಎಣ್ಣೆ ವ್ಯಾಪಾರಿಯ ಹೆಂಡತಿ ಮತ್ತೆ ಬಳೆಗೆ ಬಂದ ದಿನ ಪುಸ್ತಕದ ವ್ಯಾಪಾರಿ ಕಾದಿದ್ದು ಕರೆದ. ಎದುರಿಗೆ ಪುಸ್ತಕ ಇಟ್ಟ. "ಇದು ಘೋರವಾದದ್ದು, ತಾಯಿ. ಓದಿದವರಿಗೆ ನಿದ್ದೆ ಬರುವುದಿಲ್ಲ. ಬೇಡವೆಂದರೆ ಇಲ್ಲೇ ಬಿಟ್ಟು ಹೋಗಿ."

"ನಿದ್ದೆ ಇರುವವರಿಗೆ ಹೇಳಿ ಆ ಮಾತು" ಎಂದು ಆಕೆ ಅಲ್ಲೇ ಕುಳಿತು ಹಾಳೆ ತಿರುವಿದಳು. ಓದುತ್ತಾ ಹೋದಳು. ಒಂದು ಕಡೆ ಬಲಗೈ ಬೆರಳು ನಿಂತಿತು.

"ಎಲ್ಲಿ ನಿಲ್ಲಿಸಿದಿರಿ, ತಾಯಿ?"

"ಇಲ್ಲಿ 'ಮುರಿದನು' ಎಂದು ಬರೆದಿದ್ದಾರೆ."

"ಹೌದು."

"ಹೀಗೆ ಬರೆಯಬಹುದೇ?"

"ಬರೆದಿದ್ದಾರಲ್ಲ."

ಆಕೆ ಪುಸ್ತಕ ಮುಚ್ಚಿ ಎದ್ದು ಪಕ್ಕಕ್ಕೆ ನಡೆದಳು. ಬಳೆಗಾರನ ಅಂಗಡಿಯಲ್ಲಿ ಹೆಂಗಸರು ತುಂಬಿದ್ದರು. ಬಳೆಗಾರ ವಾಡಿಕೆಯಂತೆ ಕೇಳಿದ: "ಬಳೆ ಹೆಚ್ಚಿತೇನಮ್ಮ?"

"ಇಲ್ಲ. ಅವನು ಒಡೆದ."

ಗಂಡನನ್ನು ಏಕವಚನದಲ್ಲಿ ಕರೆದ ಹೆಂಗಸನ್ನು ಆ ಪೇಟೆ ಕಂಡಿರಲಿಲ್ಲ. ಒಬ್ಬ ಮುದುಕಿಯ ಕೈಯಿಂದ ಬಳೆಯ ಗೊಂಚಲು ಜಾರಿ ಬಿತ್ತು. ಯಾರೂ ಅದನ್ನು ಎತ್ತಲಿಲ್ಲ. ಆಕೆ ಎಡಗೈ ಮೇಲಿನ ಸೆರಗು ಸರಿಸಿ ಎಲ್ಲರ ಮುಂದೆ ಹಿಡಿದಳು. ಬೆರಳುಗಳು ಒಂದೊಂದು ಒಂದೊಂದು ದಿಕ್ಕಿಗೆ ನೋಡುತ್ತಿದ್ದವು. ಆ ಮುದುಕಿಯೇ ಆಕೆಯನ್ನು ತನ್ನ ಮನೆಗೆ ಕರೆದೊಯ್ದಳು. ಗಂಡ ಬಂದು ಬಾಗಿಲಲ್ಲಿ ನಿಂತು, ಕೂಗಾಡದೆ, ಮೆಲ್ಲಗೆ ಹೆಸರು ಹಿಡಿದು ಕರೆದ. ಕರೆಯುತ್ತಲೇ ಇದ್ದ. ಒಳಗೆ ಪೇಟೆಯ ಹೆಂಗಸರೆಲ್ಲ ಇದ್ದರು. ಒಬ್ಬರೂ ಓಗೊಡಲಿಲ್ಲ. ಆಕೆ ಮತ್ತೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ.

ಗುರು ಕತೆ ನಿಲ್ಲಿಸಿದರು. ಶಿಷ್ಯ ತಡೆಯಲಾರದೆ ಕೇಳಿದ:

"ಗುರುಗಳೇ, ಹಾಗಾದರೆ ಬೆರಳು ಮುರಿದಾಗ ನಿಜವಾಗಿ ಎಂಥ ಶಬ್ದ ಬರುತ್ತದೆಂದು ಆ ಎಣ್ಣೆ ವ್ಯಾಪಾರಿ ಹೇಳಿದನೇ?"

"ನೋಡು, ನಿನಗೂ ಆ ಪುಸ್ತಕ ಬೇಕಾಯಿತು" ಎಂದರು ಗುರು.