ಅರಳಿಕಟ್ಟೆಯ ಕೆಂಪೆಲೆ

ಹೊಳೆದಂಡೆಯ ಮೇಲೆ ಒಂದು ಆಶ್ರಮ. ದೊಡ್ಡ ಆಶ್ರಮ ಅಂದುಕೊಳ್ಳಬೇಡಿ. ಹೆಂಚಿನ ಎರಡು ಕೋಣೆ, ಒಂದು ಅಡಿಗೆಮನೆ, ಒಂದು ಕೊಟ್ಟಿಗೆ, ಅಂಗಳದಲ್ಲಿ ಒಂದು ಅರಳಿಕಟ್ಟೆ, ಅಷ್ಟೇ.

ಅಲ್ಲಿದ್ದ ಗುರುಗಳ ಹೆಸರು ಮೌನಪ್ಪ ತಾತ. ಆ ಹೆಸರಿಟ್ಟ ಪುಣ್ಯಾತ್ಮರು ಯಾರೋ! ತಾತ ಬಾಯಿ ತೆರೆದರೆ ಎದುರಿಗಿದ್ದವರು ಮೌನವಾಗುತ್ತಿದ್ದರು.

ಶಿಷ್ಯನ ಹೆಸರು ಗಾದಿಲಿಂಗ. ಆಶ್ರಮ ಸೇರುವ ಮುಂಚೆ ಪೇಟೆಯ ಸ್ಟುಡಿಯೋದಲ್ಲಿ ಮದುವೆ ಫೋಟೋ ತೆಗೆಯುತ್ತಿದ್ದ. ಕಂಡವರ ಮದುಮಕ್ಕಳನ್ನೆಲ್ಲ ನಗಿಸಿ ನಗಿಸಿ ಅವನ ನಗುವೇ ಬತ್ತಿಹೋಯಿತು. ಒಂದು ದಿನ ಕ್ಯಾಮೆರಾ ಅಲ್ಲೇ ಬಿಟ್ಟು ಬಂದು ತಾತನ ಕಾಲಿಗೆ ಬಿದ್ದ.

"ನನಗೆ ಮಂತ್ರೋಪದೇಶ ಕೊಡ್ರಿ ತಾತ."

"ಆಗಲಿ. ಮೊದಲು ಸೌದೆ ಒಡಿ."

ಸೌದೆ ಒಡೆದ. ನೀರು ಹೊತ್ತ. ಕೊಟ್ಟಿಗೆ ಬಳಿದ. ವರ್ಷಗಳು ಉರುಳಿದವು. ಉಪದೇಶದ ಮಾತು ಎತ್ತಿದಾಗೆಲ್ಲ ತಾತ ಇನ್ನೊಂದು ಸೌದೆ ತೋರಿಸುತ್ತಿದ್ದರು.

ಈ ಸಲ ಮಳೆ ನಿಂತ ಮೇಲೆ ತಾತನೇ ಕರೆದು ಹೇಳಿದರು: "ಕಾರ್ತಿಕ ಹುಣ್ಣಿಮೆ ದಿನ ನಿನಗೆ ಉಪದೇಶ."

ಗಾದಿಲಿಂಗನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಬದುಕಿನಲ್ಲಿ ಅವನು ಬೇಡಿದ್ದು ಅದೊಂದನ್ನೇ.

ಶರತ್ಕಾಲ ಬೇರೆ. ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಆಚೆ ದಂಡೆಯಲ್ಲಿ ಹುಚ್ಚೆಳ್ಳು ಹಳದಿ ಹೂ ಬಿಟ್ಟಿತ್ತು. ಮರಳದಿಬ್ಬದ ಹುಲ್ಲು ಬೆಳ್ಳನೆಯ ತೆನೆ ತೂಗುತ್ತಿತ್ತು. ಹಳೇ ಚಟ, ಕೈ ಸುಮ್ಮನಿದ್ದೀತೇ? ಗಾದಿಲಿಂಗ ಫೋನ್ ಹಿಡಿದು ಹೊರಟ. ದಿನಾ ಬೆಳಿಗ್ಗೆ ಒಂದು ಫೋಟೋ, ಅದನ್ನು ಆಶ್ರಮದ ಭಕ್ತರ ವಾಟ್ಸ್ಯಾಪ್ ಗುಂಪಿನಲ್ಲಿ ಹಂಚುವುದು. ಪೇಟೆಯ ಭಕ್ತರು ಕಾಫಿ ಕುಡಿಯುತ್ತಾ ನೋಡಿ, ಸಾಲುಸಾಲಾಗಿ ಕೈಮುಗಿದ ಚಿತ್ರ ಕಳಿಸುತ್ತಿದ್ದರು.

ಒಂದು ದಿನ ತಾತನಿಗೂ ತೋರಿಸಿದ. ಇಬ್ಬನಿ ತುಂಬಿದ ಜೇಡರ ಬಲೆ, ಮುತ್ತು ಪೋಣಿಸಿದಂತೆ.

"ಚೆಂದ ಐತೆ. ಜೇಡ ಎಲ್ಲಿ?"

"ಫ್ರೇಮಿಗೆ ಅಡ್ಡ ಬರ್ತಿತ್ತು ತಾತ. ಓಡಿಸಿದೆ."

"ಮನೆ ಯಜಮಾನನ್ನ ಓಡಿಸಿ ಗೃಹಪ್ರವೇಶ ಮಾಡಿದೆ ಅನ್ನು. ಇಬ್ಬನಿ ಮಾತ್ರ ಭಾಳ ಬಿದ್ದೈತಲ್ಲೋ."

ಗಾದಿಲಿಂಗ ತಲೆ ಕೆರೆದುಕೊಂಡ. "ಅವತ್ತು ಬಿದ್ದಿರಲಿಲ್ಲ. ನಾನೇ ಒಂಚೂರು ನೀರು ಚಿಮುಕಿಸಿದೆ."

ಮುಂದಿನ ಫೋಟೋ ಚಂದ್ರನದು. ಹೊಳೆಯ ಮೇಲೆ ಗಡಿಗೆಯಷ್ಟು ದೊಡ್ಡ ಚಂದ್ರ.

"ಇದನ್ನ ಸ್ವಲ್ಪ ಹಿಗ್ಗಿಸಿದ್ದೀನಿ ತಾತ."

"ಪಾಪ, ಚಂದ್ರನಿಗೆ ಹುಟ್ಟಿದಾಗಿಂದ ಯಾರೂ ಹೊಟ್ಟೆತುಂಬ ಉಣ್ಣಿಸಿರಲಿಲ್ಲ. ನೀನಾದರೂ ಉಣ್ಣಿಸಿದೆ."

ಬೈದರೋ ಹೊಗಳಿದರೋ ಗಾದಿಲಿಂಗನಿಗೆ ತಿಳಿಯಲಿಲ್ಲ. ಹೊಗಳಿದರು ಅಂತಲೇ ಇಟ್ಟುಕೊಂಡ. ನಾವೂ ನೀವೂ ಆಗಿದ್ದರೆ ಬೇರೆ ಏನು ಮಾಡುತ್ತಿದ್ದೆವು ಹೇಳಿ.

ಹೀಗೆ ಎಲ್ಲ ಸುಸೂತ್ರವಾಗಿ ನಡೆದಿದ್ದಾಗ ರುದ್ರಾಂಬ ಒಂದು ಮಾತು ಬರೆದರು. ರುದ್ರಾಂಬ ಅಂದರೆ ಪೇಟೆಯ ಭಕ್ತರ ಮುಂದಾಳು. ಅವರು ಹೂಂ ಅಂದರೆ ಇಡೀ ಗುಂಪು ಹೂಂ ಅನ್ನುತ್ತಿತ್ತು.

"ಗಾದಿಲಿಂಗ ಅವರೇ, ನಮ್ಮನೆ ಕ್ಯಾಲೆಂಡರಿನಲ್ಲಿ ಶರತ್ಕಾಲ ಅಂದರೆ ಮರದ ಎಲೆಗಳೆಲ್ಲ ಕೆಂಪು ಕೆಂಪು. ನೀವು ಕಳಿಸೋದರಲ್ಲಿ ಬರೀ ಹಸಿರು. ಆಶ್ರಮಕ್ಕೆ ಶರತ್ಕಾಲ ಇನ್ನೂ ಬಂದಿಲ್ಲವೇ?"

ಇನ್ನೊಬ್ಬರು ಅದಕ್ಕೆ ಹೆಬ್ಬೆರಳು ಒತ್ತಿದರು. ಮತ್ತೊಬ್ಬರು ನಗುವ ಮುಖ ಹಾಕಿದರು.

ಗಾದಿಲಿಂಗನಿಗೆ ಮೈಯೆಲ್ಲ ಉರಿಯಿತು. ಬಂದಿಲ್ಲವಂತೆ! ಇವರ ಕ್ಯಾಲೆಂಡರಿಗೆ ಬಂದು ನಮ್ಮ ತಾತನ ಆಶ್ರಮಕ್ಕೆ ಬಾರದ ಶರತ್ಕಾಲ ಅದ್ಯಾವುದು?

ಅವನು ನೆಟ್ಟಗೆ ಅಡಿಗೆಮನೆಗೆ ಹೋದ. ಅಡಿಗೆಯ ತಿಪ್ಪಕ್ಕ ಹಿತ್ತಲಿನಲ್ಲಿದ್ದಳು. ಅರಿಶಿಣದ ಡಬ್ಬಿ ಎತ್ತಿಕೊಂಡ. ತಾತನ ಎಲೆಯಡಿಕೆ ಚೀಲದಿಂದ ಸುಣ್ಣ ತೆಗೆದ. ಎಷ್ಟು ಮದುವೆಯ ಆರತಿ ತಟ್ಟೆ ನೋಡಿದವನು ಅವನು! ಅರಿಶಿಣಕ್ಕೆ ಸುಣ್ಣ ಬಿದ್ದರೆ ಕೆಂಪು ನೀರಾಗುತ್ತದೆಂದು ಅವನಿಗೆ ಹೇಳಿಕೊಡಬೇಕೇ?

ಉದುರಿದ ಅರಳಿ ಎಲೆಗಳನ್ನು ಆರಿಸಿ ಅದರಲ್ಲಿ ಅದ್ದಿದ. ನೀರು ಎಲೆಯ ಮೇಲೆ ನಿಲ್ಲದೆ ಜಾರಿತು. ಗಟ್ಟಿಯಾಗಿ ಕಲಸಿ ಬೆರಳಿನಿಂದ ಸವರಿದ. ಹಿಡಿಯಿತು. ಆಹಾ, ಏನು ಕೆಂಪು! ಕಟ್ಟೆಯ ಮೇಲೆ ಹರಡಿ, ಒಂದೆರಡನ್ನು ಗಾಳಿಗೆ ಬಿದ್ದಂತೆ ವಾರೆ ಮಾಡಿ, ಫೋಟೋ ತೆಗೆದು ಹಂಚಿದ. ಕೆಳಗೆ ಬರೆದ: "ನಮ್ಮ ಅರಳಿಮರಕ್ಕೆ ಶರತ್ಕಾಲ ಬಂತು."

ಗುಂಪು ಹುಚ್ಚೆದ್ದು ಹೋಯಿತು.

"ಅರಳಿ ಎಲೆ ಕೆಂಪಾಗಿದ್ದು ಎಲ್ಲೂ ಕೇಳಿಲ್ಲ!" "ತಾತನವರ ತಪಸ್ಸಿನ ಫಲ!" ಕೊನೆಗೆ ರುದ್ರಾಂಬ: "ಹುಣ್ಣಿಮೆ ದಿನ ಬೆಳಿಗ್ಗೆ ನಾವೆಲ್ಲ ಟೆಂಪೋ ಮಾಡಿಕೊಂಡು ಮರದ ದರ್ಶನಕ್ಕೆ ಬರುತ್ತಿದ್ದೇವೆ."

ಹುಣ್ಣಿಮೆ ದಿನ! ಗಾದಿಲಿಂಗನ ಉಪದೇಶದ ದಿನ!

"ಎಲೆ ಎಲ್ಲ ಉದುರಿಹೋದವು, ಬರಬೇಡಿ," ಅಂತ ಬರೆದ.

"ಉದುರಿದ್ದರೆ ಇನ್ನೂ ಒಳ್ಳೆಯದು, ಪ್ರಸಾದ ಅಂತ ಮನೆಗೆ ಒಯ್ಯುತ್ತೇವೆ," ಅಂತ ಉತ್ತರ ಬಂತು.

"ದನ ತಿಂದುಬಿಟ್ಟಿತು," ಅಂತ ಬರೆದ.

"ಆ ದನದ ದರ್ಶನವೂ ಆಗಲಿ," ಅಂದರು ರುದ್ರಾಂಬ.

ಅಷ್ಟರಲ್ಲಿ ತಿಪ್ಪಕ್ಕ ಸೌಟು ಹಿಡಿದು ಬಂದಳು. "ಲೋ ಗಾದಿ, ನನ್ನ ಅರಿಶಿಣ ಎಲ್ಲೋ? ಅದೇನೋ ನಿನ್ನ ಬೆರಳು? ಯಾರ ಮದುವೆ ಮಾಡಿ ಬಂದೆ?"

"ಗಾಯ ಆಗೈತೆ ತಿಪ್ಪಕ್ಕ."

"ಹತ್ತೂ ಬೆರಳಿಗಾ?"

ಹುಣ್ಣಿಮೆಯ ಹಿಂದಿನ ದಿನ ಗಾದಿಲಿಂಗ ತಾತನ ಮುಂದೆ ಬಂದು ಕೈಕಟ್ಟಿ ಕೂತ.

"ತಾತ, ಒಬ್ಬ ಶಿಷ್ಯ ಇದ್ದ ಅಂದ್ಕೊಳ್ರಿ."

"ಅಂದ್ಕೊಂಡೆ."

"ಒಳ್ಳೆಯವನು. ಗುರುಭಕ್ತಿ ಇರೋನು."

"ಬೆರಳು ಕೆಂಪಗಿತ್ತಾ?"

ಗಾದಿಲಿಂಗ ದಬಕ್ಕನೆ ಕಾಲಿಗೆ ಬಿದ್ದ. ಅರಿಶಿಣ, ಸುಣ್ಣ, ರುದ್ರಾಂಬ, ಟೆಂಪೋ, ದನ, ಎಲ್ಲ ಒಂದೇ ಉಸಿರಿಗೆ ಒದರಿದ.

"ನೀವು ಒಂದು ಮಾತು ಹೇಳಿಬಿಡ್ರಿ ತಾತ. ಎಲೆ ಕೆಂಪಗಿದ್ದವು, ಈಗ ಮತ್ತೆ ಹಸಿರಾದವು ಅಂತ. ನೀವು ಹೇಳಿದರೆ ಅವರು ನಂಬ್ತಾರೆ."

"ನಂಬ್ತಾರೆ. ಅದಕ್ಕೇ ಹೇಳಬಾರದು."

"ಹಂಗಾರೆ ನನ್ನ ಉಪದೇಶದ ಗತಿ?"

ತಾತ ಎದ್ದು ಒಳಗೆ ಹೋಗಿ ಒಂದು ಬೋಗುಣಿ ತಂದರು. ಅದರ ತುಂಬ ಕೆಂಪಗೆ ಕಲಸಿದ ಅರಿಶಿಣ ಸುಣ್ಣ.

"ನಾಳೆ ಬೆಳಕು ಹರಿಯುತ್ಲೂ ಮರ ಹತ್ತು."

"ಯಾಕೆ ತಾತ?"

"ನೀನು ಮರಕ್ಕೆ ಶರತ್ಕಾಲ ಬಂತು ಅಂತ ಬರೆದೀಯ. ನಾಕು ಎಲೆಗೆ ಬಂತು ಅಂತ ಬರೆದಿಲ್ಲ. ಹಿಡಿದ ಕೆಲಸ ಅರ್ಧಕ್ಕೆ ಬಿಡಬ್ಯಾಡ."

ತಮಾಷೆ ಇರಬಹುದು ಅಂತ ಗಾದಿಲಿಂಗ ತಾತನ ಮುಖ ನೋಡಿದ. ತಾತನ ಮುಖದಲ್ಲಿ ಏನೂ ಇರಲಿಲ್ಲ. ಗುರುವಿನ ಮಾತು, ಮೀರುವ ಹಾಗಿಲ್ಲ. ಮೀರಿದರೆ ಉಪದೇಶವಿಲ್ಲ. ಮೀರದಿದ್ದರೆ ಇದೆಯೋ? ಅದೂ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಫೋನನ್ನು ಕಟ್ಟೆಯ ಮೇಲಿಟ್ಟು, ಬೋಗುಣಿ ಸೊಂಟಕ್ಕೆ ಕಟ್ಟಿಕೊಂಡು ಮರ ಹತ್ತಿದ.

"ಅರಳಿಮರ ತುಳೀತೀಯೇನೋ ಪಾಪಿ!" ತಿಪ್ಪಕ್ಕ ಕೆಳಗಿನಿಂದ ಕೂಗಿದಳು.

"ತಾತ ಹೇಳ್ಯಾರೆ!"

"ಹಂಗಾರೆ ಬೀಳದಂಗೆ ಹತ್ತು!"

ಹತ್ತಿದ. ಹಚ್ಚಿದ. ಒಂದು ಎಲೆ. ಇನ್ನೊಂದು ಎಲೆ. ಅರಳಿ ಎಲೆ ಒಂದು ಗಳಿಗೆ ಸುಮ್ಮನಿರುತ್ತದೆಯೇ? ಗಾಳಿ ಇಲ್ಲದಾಗಲೂ ಲಟಪಟ ಅನ್ನುತ್ತದೆ. "ಅಲುಗಾಡಬ್ಯಾಡಮ್ಮ, ಗದ್ದ ಸ್ವಲ್ಪ ಮೇಲೆ," ಅಂತ ಹಳೇ ಅಭ್ಯಾಸದಲ್ಲಿ ಎಲೆಗೇ ಹೇಳಿದ. ಎಲೆ ಅವನ ಕೆನ್ನೆಗೆ ಬಣ್ಣ ಬಳಿಯಿತು. ಕಟ್ಟಿರುವೆ ಪಂಚೆಯೊಳಗೆ ಹೊಕ್ಕಿತು. ಒಂದು ಗೊರವಂಕ ಎದುರಿನ ಕೊಂಬೆಯ ಮೇಲೆ ಕೂತು ಅವನನ್ನೇ ನೋಡಿ, ಏನು ಅನ್ನಿಸಿತೋ, ಹಾರಿಹೋಯಿತು.

ಬಿಸಿಲೇರಿತು. ಬೋಗುಣಿ ಬರಿದಾಯಿತು. ಗಾದಿಲಿಂಗ ಬಗ್ಗಿ ನೋಡಿದ. ಇಡೀ ಮರದಲ್ಲಿ ಒಂದು ಸಣ್ಣ ಕೊಂಬೆ ಅಲ್ಲಲ್ಲಿ ಕೆಂಪಗಿತ್ತು. ಮಿಕ್ಕಿದ್ದೆಲ್ಲ ಹಸಿರು. ಬಿಸಿಲಿಗೆ ಫಳಫಳ ಹೊಳೆಯುವ ಹಸಿರು. ಅಳು ಬಂತು ಅವನಿಗೆ.

ಆಗ ಟೆಂಪೋದ ಹಾರನ್ ಕೇಳಿಸಿತು.

"ತಾತ, ಬಂದರು! ಇಳೀಲಾ?"

ತಾತ ಕಟ್ಟೆಯ ಮೇಲೆ ಎಲೆಯಡಿಕೆ ಹಾಕುತ್ತಾ ಕೂತಿದ್ದರು. "ಮುಗೀತಾ?"

"ಇಲ್ಲ."

"ಮತ್ತೆ?"

ಭಕ್ತರು ಇಳಿದರು. ಹೂವು, ಹಣ್ಣು, ತೆಂಗಿನಕಾಯಿ, ಎಲ್ಲರ ಕೈಯಲ್ಲೂ ಫೋನು. ರುದ್ರಾಂಬ ಮುಂದೆ ಬಂದು ತಾತನಿಗೆ ನಮಸ್ಕರಿಸಿ, ಮರ ನೋಡಿ ಹುಬ್ಬು ಗಂಟಿಕ್ಕಿದರು.

"ತಾತ, ಎಲೆ ಎಲ್ಲ ಹಸಿರೇ ಇದಾವಲ್ಲ?"

"ನನಗೇನು ಗೊತ್ತಮ್ಮ. ತಿಳಿದೋನು ಮ್ಯಾಲವ್ನೆ. ಅವನ್ನೇ ಕೇಳು."

ರುದ್ರಾಂಬ ಭಕ್ತಿಯಿಂದ ಕಣ್ಣುಮುಚ್ಚಿ ಮೇಲಕ್ಕೆ ಕೈಮುಗಿದರು. ಕಣ್ಣು ಬಿಟ್ಟಾಗ ಕಂಡಿದ್ದು ಗಾದಿಲಿಂಗನ ಎರಡು ಪಾದ.

"ಅಯ್ಯೋ! ನೀವಾ? ಅಲ್ಲೇನು ಮಾಡ್ತಿದ್ದೀರಿ?" ಕೆಂಪು ಕೈ, ಸೊಂಟದ ಬೋಗುಣಿ, ಬಣ್ಣ ಹತ್ತಿದ ಕೊಂಬೆ, ಒಂದೊಂದಾಗಿ ಕಣ್ಣಿಗೆ ಬಿತ್ತು. ತಟ್ಟನೆ ಅವರ ಮುಖ ಅರಳಿತು. "ಓಹೋ, ಮರಕ್ಕೆ ಪೂಜೆ ನಡೀತಿದೆ! ಹುಣ್ಣಿಮೆ ಅಲ್ಲವಾ, ಎಲೆ ಎಲೆಗೂ ಅರಿಶಿಣ ಕುಂಕುಮ ಏರಿಸ್ತಿದ್ದೀರಿ! ಫೋಟೋದಲ್ಲಿದ್ದ ಕೆಂಪು ಇದೇನಾ? ಆಹಾ, ಎಂಥ ಭಕ್ತಿ!"

ಹಿಂದಿದ್ದವರೆಲ್ಲ "ಆಹಾ" ಅಂದರು.

ಗಾದಿಲಿಂಗನಿಗೆ ಎಂಥ ದಾರಿ ತಾನಾಗಿ ತೆರೆದಿದೆ ನೋಡಿ! ಮಾತೂ ಆಡಬೇಕಿಲ್ಲ. ಒಂದು ಸಲ ತಲೆ ಆಡಿಸಿದರೆ ಸಾಕು. ಸುಳ್ಳು ಪೂಜೆಯಾಗುತ್ತದೆ, ತಾತನ ಮರ್ಯಾದೆ ಉಳಿಯುತ್ತದೆ, ಮಧ್ಯಾಹ್ನದೊಳಗೆ ಉಪದೇಶವೂ ಸಿಗುತ್ತದೆ. ಅವನು ತಾತನ ಕಡೆ ನೋಡಿದ. ತಾತ ಹೊಳೆಯ ಕಡೆ ನೋಡುತ್ತಿದ್ದರು.

ತಲೆ ಆಡಿಸಬೇಕೆಂದು ಗದ್ದ ಎತ್ತಿದ. ಗದ್ದ ಅಲ್ಲೇ ನಿಂತಿತು.

"ಪೂಜೆ ಅಲ್ಲಮ್ಮ," ಅಂದ. "ಮೋಸ. ಎಲೆ ಕೆಂಪಾಗೇ ಇರಲಿಲ್ಲ. ನಾನೇ ಬಣ್ಣ ಹಚ್ಚಿ ಫೋಟೋ ತೆಗೆದೆ. ತಾತನಿಗೆ ಗೊತ್ತಿರಲಿಲ್ಲ. ಇಬ್ಬನಿ ಕೂಡ ನಾನೇ ಚಿಮುಕಿಸಿದ್ದು. ಚಂದ್ರನೂ ಅಷ್ಟು ದೊಡ್ಡದಿರಲಿಲ್ಲ."

ಗುಂಪಿನ ಫೋನುಗಳೆಲ್ಲ ಒಂದೊಂದಾಗಿ ಕೆಳಗಿಳಿದವು. ಎಲೆಗಳು ಮಾತ್ರ ಲಟಪಟ ಅನ್ನುತ್ತಿದ್ದವು.

"ಚಂದ್ರನೂನಾ?" ಅಂದರು ಹಿಂದಿನಿಂದ ಯಾರೋ, ಭಾರೀ ನೋವಿನಿಂದ.

ತಿಪ್ಪಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದು ಕಿಸಕ್ಕನೆ ನಕ್ಕಳು. ಒಬ್ಬರು ನಕ್ಕಿದ್ದೇ ತಡ, ಇಡೀ ಗುಂಪು ಹೊಟ್ಟೆ ಹಿಡಿದುಕೊಂಡು ನಕ್ಕಿತು. ರುದ್ರಾಂಬ ಒಬ್ಬರೇ ನಗಲಿಲ್ಲ.

ಗಾದಿಲಿಂಗ ಇಳಿದು ಬಂದು ಕಟ್ಟೆಯ ಕೆಳಗೆ ನಿಂತ. ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನುವಂತಿತ್ತು ಅವನ ಸ್ಥಿತಿ. ಕಿವಿ ಬಿಸಿಯಾಗಿತ್ತು, ಕೆನ್ನೆ ಉರಿಯುತ್ತಿತ್ತು.

"ನಾನು ಹೊರಡ್ತೀನಿ ತಾತ. ಉಪದೇಶ ಕೇಳೋ ಮುಖ ನನಗಿಲ್ಲ."

"ಅದು ಆಮೇಲೆ," ಅಂದರು ರುದ್ರಾಂಬ ಸಿಟ್ಟಿನಿಂದ. "ಹಾಗಾದರೆ ತಾತ, ಇಷ್ಟು ದೂರದಿಂದ ಬಂದ ನಾವು ಇಲ್ಲಿ ನೋಡೋದೇನು?"

ತಾತ ಕಟ್ಟೆಯ ಮೇಲಿದ್ದ ಗಾದಿಲಿಂಗನ ಫೋನ್ ಎತ್ತಿಕೊಂಡರು. ಹುಟ್ಟಿದಾಗಿಂದ ಫೋನ್ ಮುಟ್ಟಿದವರಲ್ಲ. ತಿರುವುಮುರುವಾಗಿ ಹಿಡಿದು ಒತ್ತಿದರು. ತಾತನ ಮೂಗಿನ ಹೊಳ್ಳೆಗಳ ಫೋಟೋ ಬಂತು.

"ಈ ಕಡೆ ತಿರುಗಿಸ್ರಿ," ಅಂದಳು ತಿಪ್ಪಕ್ಕ.

ತಾತ ತಿರುಗಿಸಿ, ಒಂದು ಕಣ್ಣು ಮುಚ್ಚಿ, ಗಾದಿಲಿಂಗನ ಮುಖಕ್ಕೆ ಹಿಡಿದರು. ಅವನು ತಲೆ ತಗ್ಗಿಸಿದ. ತಾತ ಅವನ ಗದ್ದ ಹಿಡಿದೆತ್ತಿ, ತಮ್ಮ ಶಲ್ಯದ ತುದಿಯಿಂದ ಕೆನ್ನೆಗೆ ಹತ್ತಿದ್ದ ಅರಿಶಿಣ ಸುಣ್ಣವನ್ನೆಲ್ಲ ಒರೆಸಿದರು. ಆಮೇಲೆ ಕಟಕ್ಕನೆ ಒತ್ತಿದರು. ಫೋಟೋ ನೋಡಿ ಒಂದು ಸಲ ತಲೆದೂಗಿ, ಫೋನನ್ನು ಅವನ ಕೈಗಿಟ್ಟರು.

"ಬಣ್ಣ ಹಚ್ಚದೆ ಕೆಂಪಾಗೈತೆ. ಇದನ್ನ ಹಂಚಿ, ಹೊಳೇಲಿ ಮುಳುಗಿ ಬಾ. ಉಪದೇಶಕ್ಕೆ ಹೊತ್ತಾಗ್ತಾ ಐತೆ."