ನಕ್ಷೆ ತೋರಿಸಿದ ಶಾಲೆ

ವಿಜ್ಞಾನ ಶಿಕ್ಷಕರಿಗೆ ಮೊಬೈಲ್ ನಕ್ಷೆ ಬಳಸಿ ಪಾಠ ಮಾಡುವ ತರಬೇತಿ ನಡೆದಿತ್ತು. ತರಬೇತಿ ಕೊಡಲು ಬಂದಿದ್ದ ವಸ್ತ್ರದ ಎಂಬ ಸಾಹೇಬರು ಮಹಾನಂದಾ ಟೀಚರಿಗೆ ಹೇಳಿದರು, "ನಾಳೆ ಬೆಳಿಗ್ಗೆ ಮಕ್ಕಳನ್ನ ನಕ್ಷೆಯೊಳಗಿರೋ ನಿಮ್ಮ ಶಾಲೆಯ ಈ ಗುರುತಿನ ತನಕ ನಡೆಸಿಕೊಂಡು ಹೋಗಿ ಫೋಟೊ ಕಳಿಸ್ರಿ."

"ಸರ್, ಅದು ಹಳೇ ಊರು. ಅಣೆಕಟ್ಟಿನ ಹಿನ್ನೀರಿನ್ಯಾಗ ಮುಳುಗೇತ್ರಿ."

"ನಕ್ಷೆ ಸುಳ್ಳು ಹೇಳಂಗಿಲ್ಲ. ಫೋಟೊ ಬರದಿದ್ದರ ನೋಟಿಸ್ ಬರತೈತಿ."

ಟೀಚರು ವಾದ ಮಾಡಲಿಲ್ಲ. "ಹಂಗಾದ್ರ ನೀವ ಬಂದು ಮುಂದ ನಡೀರಿ ಸರ್. ಮಕ್ಕಳು ನಿಮ್ಮನ್ನ ನೋಡಿ ಕಲೀತಾವ," ಎಂದರು. ಸಾಹೇಬರು ಉಬ್ಬಿಹೋದರು.

ಬೆಳಿಗ್ಗೆ ದಟ್ಟ ಮಂಜು ಕವಿದಿತ್ತು. ಟೀಚರು ಮಕ್ಕಳನ್ನು ಹೊಸ ಶಾಲೆಯಿದ್ದ ದಿಬ್ಬದ ಮೇಲೆಯೇ ಕೂರಿಸಿದರು. ಸಾಹೇಬರು ಮೊಬೈಲ್ ಹಿಡಿದು ಹಳೇ ರಸ್ತೆಗೆ ಇಳಿದರು; ಟೀಚರು ನೀರಿನ ಅಂಚಿನ ತನಕ ಹಿಂದೆ ಬಂದರು. "ನೇರವಾಗಿ ಹೋಗಿ" ಎಂದಿತು ಮೊಬೈಲ್. ನೀರು ಪಾದ ಮುಟ್ಟಿತು. "ನೇರವಾಗಿ ಹೋಗಿ." ನೀರು ಮೊಣಕಾಲಿಗೆ ಬಂತು. ಎದುರಿಗೆ ಮಂಜಿನೊಳಗೆ ಗುಡಿಯ ಶಿಖರದ ತುದಿಯಷ್ಟೇ ನೀರಿನ ಮೇಲೆ ಕಂಡಿತು. ಕಾಲಿಗೆ ತಣ್ಣನೆಯ ಕಲ್ಲೊಂದು ತಾಗಿತು.

"ಟೀಚರ್, ಇಲ್ಲೇನೈತಿ?"

"ಊರಿನ ಸ್ಮಶಾನ ಸರ್," ಹಿಂದಿನಿಂದ ಮೆಲ್ಲಗೆ ಉತ್ತರ ಬಂತು. "ನಕ್ಷೆಯೊಳಗ ಅದನ್ನ ಹಾಕಿಲ್ಲ. ನೀವ ಒಂದು ಗುರುತು ಹಾಕಿಬಿಡ್ರಿ."

ಸಾಹೇಬರು ಎಷ್ಟು ಬೇಗ ದಿಬ್ಬ ಹತ್ತಿದರೆಂದರೆ ಒಂದು ಬೂಟು ನೀರಲ್ಲೇ ಉಳಿಯಿತು. ಉಸಿರು ಹತೋಟಿಗೆ ಬಂದ ಮೇಲೆ ಕೇಳಿದರು, "ನನ್ನ ಹೆದರಿಸಾಕ ಹಂಗ ಹೇಳಿದ್ರೇನು?"

"ಇಲ್ರಿ ಸರ್. ನಮ್ಮಜ್ಜಿ ಅಲ್ಲೇ ಅದಾಳ."

ಸಾಹೇಬರು ಮೊಬೈಲ್ ನಕ್ಷೆಯಲ್ಲಿ ಶಾಲೆಯ ಗುರುತನ್ನು ನೀರಿನಿಂದೆತ್ತಿ ದಿಬ್ಬದ ಮೇಲಿಟ್ಟರು. ಆಮೇಲೆ ಮಕ್ಕಳ ಕಡೆ ತಿರುಗಿ, "ಯಾರೂ ಕೆಳಗ ಇಳೀಬ್ಯಾಡ್ರಿ," ಎಂದರು.